ಕಾಮರ್ಸ್ ಗೆಳೆಯರು, ದಾವಣಗೆರೆ: ‘ಬಿ.ಕಾಂ. + ಎಲ್‌ಎಲ್‌ಬಿ ಬರೀ 3 ವರ್ಷದಲ್ಲಿ’ ಪೋಸ್ಟರ್ ಮೇಲಿನ ಜಟಾಪಟಿ

ರುದ್ರೇಶ್: (ಫಾರ್ವರ್ಡ್ ಆದ ಚಿತ್ರ) “ಬಿ.ಕಾಂ. + ಎಲ್‌ಎಲ್‌ಬಿ ಒಂದೇ ಸಲ! ಬರೀ 3 ವರ್ಷ! ಯುಜಿಸಿ ಒಪ್ಪಿಗೆ ಐತೆ!”

ರುದ್ರೇಶ್: ತಂಗಿ ಮಗಳು ಪಿಯು ಕಾಮರ್ಸ್ ಮುಗಿಸಿದಾಳೆ. ಇದು ನಿಜನಾ? ಗೊತ್ತಿರೋರು ಹೇಳ್ರಪ್ಪ.

ಮಂಜುಳಾ: ಸುಳ್ಳು. ಮೂರು ವರ್ಷದ ಎಲ್‌ಎಲ್‌ಬಿಗೆ ಸೇರಬೇಕಂದ್ರೆ ಮೊದಲು ಡಿಗ್ರಿ ಕೈಯಲ್ಲಿರಬೇಕು. ಬಿ.ಕಾಂ. ಮುಗಿಯದೆ ಸೀಟೇ ಸಿಗಲ್ಲ, ಎರಡೂ ಸೇರಿ ಮೂರು ವರ್ಷ ಹೆಂಗಾಗುತ್ತೆ?

ಅನ್ವರ್: ಆದ್ರೆ ಮಂಜಕ್ಕ, 2022ರಲ್ಲಿ ಯುಜಿಸಿ ಎರಡು ಡಿಗ್ರಿ ಒಟ್ಟಿಗೆ ಮಾಡಬಹುದು ಅಂದಿದ್ದು ಹೌದಲ್ವಾ?

ಮಂಜುಳಾ: ಹೌದು. ಆದ್ರೆ ಅದೇ ಮಾರ್ಗಸೂಚಿಯಲ್ಲೇ ಆಯಾ ವೃತ್ತಿಪರ ಮಂಡಳಿ ನಿಯಮನೂ ಅನ್ವಯ ಅಂತ ಐತೆ. ಕಾನೂನು ಪದವಿಗೆ ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ಕಾನೂನು ಶಿಕ್ಷಣ ನಿಯಮ. ಅದರ 6ನೇ ನಿಯಮ ಓದ್ರಿ: ಎಲ್‌ಎಲ್‌ಬಿ ಜೊತೆಗೆ ಬೇರೆ ಪದವಿ, ಸ್ನಾತಕೋತ್ತರ ಪದವಿ, ಸರ್ಟಿಫಿಕೇಟ್ ಕೋರ್ಸ್ ಯಾವುದಕ್ಕೂ ಹೆಸರು ನೋಂದಾಯಿಸೋ ಹಂಗಿಲ್ಲ. ಬಿಟ್ಟಿರೋದು ಭಾಷೆ ಅಥವಾ ಕಂಪ್ಯೂಟರಿನ ಸಣ್ಣ ಅರೆಕಾಲಿಕ ಕೋರ್ಸ್, ಮತ್ತೆ ದೂರಶಿಕ್ಷಣ. ದೂರಶಿಕ್ಷಣದಲ್ಲಿ ಎಂ.ಕಾಂ. ಮಾಡ್ಕೊಳ್ಳಿ, ಯಾರೂ ಬೇಡ ಅನ್ನಲ್ಲ. ಎಲ್‌ಎಲ್‌ಬಿನೇ ದೂರಶಿಕ್ಷಣದಲ್ಲಿ ಮಾಡಿದ್ರೆ ಮಾತ್ರ ಸನ್ನದು (ವಕೀಲಿಕೆ ಮಾಡೋ ಪರವಾನಗಿ) ಸಿಗಲ್ಲ.

ರುದ್ರೇಶ್: ಹಂಗಾದ್ರೆ ದಾರಿ ಯಾವುದು?

ಮಂಜುಳಾ: ಪಿಯು ಆದ ತಕ್ಷಣ ಐದು ವರ್ಷದ ಸಂಯೋಜಿತ ಬಿ.ಕಾಂ. ಎಲ್‌ಎಲ್‌ಬಿ. ಇಲ್ಲಾಂದ್ರೆ ಮೂರು ವರ್ಷ ಬಿ.ಕಾಂ., ಆಮೇಲೆ ಮೂರು ವರ್ಷ ಎಲ್‌ಎಲ್‌ಬಿ. ನನ್ನ ಓಟು ಐದು ವರ್ಷದ್ದಕ್ಕೆ, ಒಂದು ವರ್ಷ ಉಳಿಯುತ್ತೆ. ಪಿಯುನಲ್ಲಿ ಸಾಮಾನ್ಯ ವರ್ಗಕ್ಕೆ 45%, ಒಬಿಸಿಗೆ 42%, ಎಸ್‌ಸಿ/ಎಸ್‌ಟಿಗೆ 40% ಕನಿಷ್ಠ ಬೇಕು.

ತಿಪ್ಪೇಸ್ವಾಮಿ: ನಾನು ಒಪ್ಪಲ್ಲ. ಐದು ವರ್ಷದ ಕೋರ್ಸಲ್ಲಿ ಮಧ್ಯೆ ಇಳಿಯೋ ಹಂಗಿಲ್ಲ. ಮೂರನೇ ವರ್ಷ ಮುಗಿಸಿ ‘ಲಾ ಬೇಡ, ಬಿ.ಕಾಂ. ಕೊಡಿ’ ಅಂದ್ರೆ ಕೊಡಲ್ಲ, ಬಾರ್ ಕೌನ್ಸಿಲ್ ನಿಯಮದಲ್ಲೇ ಅದು ಇಲ್ಲ. 18 ವರ್ಷದ ಹುಡುಗಿಗೆ ಐದು ವರ್ಷದ ಪಣ ಕಟ್ಟಿಸ್ತೀರಾ? ಇನ್ನೊಂದು ವಿಷ್ಯ. ಅಕೌಂಟ್ಸ್ ಪೇಪರ್‌ಗಳು ಮೊದಲ ವರ್ಷಗಳಲ್ಲೇ ಮುಗಿದು ಹೋಗ್ತವೆ. ಕಂಪನಿ ಕಾನೂನು, ತೆರಿಗೆ ಕಾನೂನು ಗಟ್ಟಿಯಾಗಿ ಬರೋ ಹೊತ್ತಿಗೆ ಡೆಬಿಟ್ ಯಾವ ಕಡೆ ಅಂತ ಯೋಚ್ನೆ ಮಾಡೋ ಸ್ಥಿತಿ 😀

ಮಂಜುಳಾ: ಅದು ಓದೋರ ಮೇಲೆ ಹೋಗುತ್ತೆ ತಿಪ್ಪೇಸಣ್ಣ. ಮಧ್ಯೆ ಇಳಿಯೋಕಾಗಲ್ಲ ಅನ್ನೋದು ಮಾತ್ರ ನಿಜ, ಒಪ್ತೀನಿ.

ಅನ್ವರ್: ಸಿಎ ಮಾಡ್ತಾ ಎಲ್‌ಎಲ್‌ಬಿ?

ತಿಪ್ಪೇಸ್ವಾಮಿ: ಗಂಟೆ ಲೆಕ್ಕ ಹಾಕಿ ನೋಡು. ಆರ್ಟಿಕಲ್‌ಶಿಪ್ (ಸಿಎ ಕೈಕೆಳಗೆ ಮಾಡೋ ಕಡ್ಡಾಯ ತರಬೇತಿ) ವಾರಕ್ಕೆ 35 ಗಂಟೆ, ಈಗಿನ ಸ್ಕೀಮಲ್ಲಿ 2 ವರ್ಷ. ಇಂಟರ್ (ಸಿಎ ಎರಡನೇ ಹಂತದ ಪರೀಕ್ಷೆ) ಎರಡೂ ಗ್ರೂಪ್ ಪಾಸಾಗದೆ ಶುರುವೇ ಆಗಲ್ಲ. ಕಾನೂನು ತರಗತಿ ದಿನಕ್ಕೆ ಐದು ಗಂಟೆ, ಹಾಜರಿ 70%. ಬಸ್ಸಲ್ಲಿ ಓಡಾಡ್ತಾ ಎರಡನ್ನೂ ತೂಗಿಸೋಕೆ ಹೋದ್ರೆ ಒಂದು ಕಡೆ ಸುಳ್ಳು ಹಾಜರಿ ಹಾಕಿಸಲೇಬೇಕು. ಸಿಕ್ಕಿಬಿದ್ರೆ ಆರ್ಟಿಕಲ್‌ಶಿಪ್ಪೂ ಹೋಯ್ತು, ಸನ್ನದಿಗೂ ತೊಂದರೆ. ಅದಕ್ಕೇ ಹೇಳ್ತಿರೋದು: ಮೊದಲು ಬಿ.ಕಾಂ.ನಲ್ಲಿ 55% ತೆಗೀಲಿ, ಸಿಎ ಫೌಂಡೇಶನ್ (ಮೊದಲ ಹಂತದ ಪರೀಕ್ಷೆ) ಬರೀದೆ ನೇರ ಇಂಟರ್‌ಗೆ ಹೋಗಬಹುದು. ಎಲ್‌ಎಲ್‌ಬಿ ಆಮೇಲೆ.

ರುದ್ರೇಶ್: ಎರಡೂ ಆಯ್ತು ಅಂದ್ಕೊಳ್ಳಿ. ಬೋರ್ಡ್ ಉದ್ದ ಆಗೋದು ಬಿಟ್ರೆ ಲಾಭ ಏನು? ಸಿಎ ಪ್ರಾಕ್ಟೀಸ್, ವಕೀಲಿಕೆ ಎರಡೂ ಒಟ್ಟಿಗೆ ಮಾಡೋ ಹಂಗೇ ಇಲ್ಲ.

ಮಂಜುಳಾ: ಇಲ್ಲ, ಒಂದನ್ನ ಆರಿಸ್ಕೋಬೇಕು. ಜಿಎಸ್‌ಟಿ ಅಧಿಕಾರಿ ಮುಂದೆ, ಟ್ರಿಬ್ಯೂನಲ್ ಮುಂದೆ ಸಿಎ ನಿಲ್ಲಬಹುದು. ಹೈಕೋರ್ಟಿಗೆ ವಕೀಲರೇ ಬೇಕು. ಆದ್ರೆ ಲಾಭ ಬೋರ್ಡಲ್ಲಿ ಅಲ್ಲ, ಖಾತೆ ಪುಸ್ತಕ ಓದೋದ್ರಲ್ಲಿ ಐತೆ. ನಮ್ಮ ಎಪಿಎಂಸಿಯ ಮೆಕ್ಕೆಜೋಳದ ವ್ಯಾಪಾರವನ್ನೇ ತಗೊಳ್ರಿ. 2022ರ ಏಪ್ರಿಲ್ 12ರಂದು ₹4,80,000ದ ಮಾಲು, 30 ದಿನದ ಉದ್ದರಿ. ಲೆಡ್ಜರ್‌ನಲ್ಲಿ ಬಾಕಿ ನಿಂತೈತೆ. ಬರೀ ಅಕೌಂಟ್ಸ್ ಓದಿದೋರಿಗೆ ಅದು ಆಸ್ತಿ. ಕೋರ್ಟಿಗೆ ಅಷ್ಟೇ ಸಾಲಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 28ನೇ ಕಲಂ (ಹಳೇ ಸಾಕ್ಷ್ಯ ಕಾಯ್ದೆಯಲ್ಲಿ 34) ಪ್ರಕಾರ ವ್ಯವಹಾರದಲ್ಲಿ ಕ್ರಮವಾಗಿ ಬರೆದಿಟ್ಟ ಖಾತೆಯ ನಮೂದು ಸಾಕ್ಷ್ಯವಾಗಿ ಪ್ರಸ್ತುತ, ಆದ್ರೆ ಬರೀ ಅದರ ಮೇಲೆ ಯಾರ ತಲೆಗೂ ಸಾಲ ಕಟ್ಟೋಕಾಗಲ್ಲ. ಬಿಲ್, ಲಾರಿ ರಸೀದಿ, ತೂಕದ ಚೀಟಿ ಜೊತೆಗಿರಬೇಕು. ಟ್ಯಾಲಿ (ಲೆಕ್ಕದ ಸಾಫ್ಟ್‌ವೇರ್) ಪ್ರಿಂಟೌಟ್ ಹಾಜರು ಮಾಡಿದ್ರೆ 63ನೇ ಕಲಮಿನ ಪ್ರಮಾಣಪತ್ರ ಬೇಕು, ಹ್ಯಾಶ್ ವ್ಯಾಲ್ಯೂ (ಫೈಲ್ ತಿದ್ದಿಲ್ಲ ಅಂತ ತೋರಿಸೋ ಗುರುತು) ಸಮೇತ, ಭಾಗ ‘ಎ’ ಕಕ್ಷಿದಾರರದ್ದು, ಭಾಗ ‘ಬಿ’ ತಜ್ಞರದ್ದು. ಬಿಡಿ ಹಾಳೆಗಳನ್ನ ಖಾತೆ ಪುಸ್ತಕ ಅನ್ನೋಕಾಗಲ್ಲ ಅಂತ ಸುಪ್ರೀಂ ಕೋರ್ಟ್ 1998ರಲ್ಲೇ ಹವಾಲಾ ಕೇಸಲ್ಲಿ ಹೇಳೈತೆ.

ತಿಪ್ಪೇಸ್ವಾಮಿ: ಇದಕ್ಕೆ ಕಾಲಮಿತಿನೂ ಸೇರಿಸಿ. ಉದ್ದರಿ ಮುಗಿದಿದ್ದು 2022ರ ಮೇ 12, ದಾವಾ ಹಾಕೋಕೆ ಮೂರು ವರ್ಷ, ಅಂದ್ರೆ 2025ರ ಮೇ 12. ಆದ್ರೆ ಖರೀದಿದಾರ 2024ರ ಮಾರ್ಚ್ 10ರಂದು ₹1,00,000ದ ಚೆಕ್ ಕೊಟ್ಟು ಪಾಸಾಗಿದ್ರೆ ಲೆಕ್ಕ ಹೊಸದಾಗಿ ಶುರು, 2027ರ ಮಾರ್ಚ್ 10ರವರೆಗೆ. ಅದೇ ದುಡ್ಡು ನಗದು ಬಂದು, ಕೊಟ್ಟೋನ ಕೈಬರಹನೂ ಇಲ್ಲ ಸಹಿನೂ ಇಲ್ಲ ಅಂದ್ರೆ, ನಮ್ಮ ನಗದು ಪುಸ್ತಕದಲ್ಲಿ ಎಷ್ಟು ಚೆಂದ ಬರೆದ್ರೂ ಕಾಲಮಿತಿ ಒಂದು ದಿನನೂ ಮುಂದಕ್ಕೆ ಹೋಗಲ್ಲ. ಅಕೌಂಟೆಂಟ್‌ಗಳು ಎಡವೋದೇ ಇಲ್ಲಿ. ನಾಲ್ಕನೇ ವರ್ಷ ‘ಬಾರದ ಸಾಲ’ ಅಂತ ತೆಗೆದು ಹಾಕಿ, ಇನ್ನು ಕೇಸೂ ಹೋಯ್ತು ಅಂತ ಸುಮ್ನಾಗ್ತಾರೆ. ಖಾತೆಯಿಂದ ತೆಗೆದ್ರೆ ತೆರಿಗೆ ಲೆಕ್ಕಕ್ಕೆ ಅಷ್ಟೇ, ವಸೂಲಿ ಹಕ್ಕು ಹೋಗಲ್ಲ.

ಮಂಜುಳಾ: ವಕೀಲರು ಎಡವೋದು ಬೇರೆ ಕಡೆ. ಉಳಿದಿರೋದು ₹3,80,000. ವ್ಯಾಪಾರಸ್ಥರ ನಡುವಿನ ಜಗಳ ₹3 ಲಕ್ಷ ಮುಟ್ಟಿದ್ರೆ ಅದು ವಾಣಿಜ್ಯ ದಾವಾ. ತುರ್ತು ಪರಿಹಾರ ಕೇಳದಿದ್ರೆ ಮೊದಲು ಮಧ್ಯಸ್ಥಿಕೆಗೆ ಅರ್ಜಿ ಹಾಕಲೇಬೇಕು. ಅದನ್ನ ಬಿಟ್ಟು ನೇರ ದಾವಾ ಹಾಕಿದ್ರೆ ವಾದಪತ್ರ (ದಾವಾ ಅರ್ಜಿ) ತಿರಸ್ಕಾರ ಆಗುತ್ತೆ.

ಅನ್ವರ್: ಹಂಗಾದ್ರೆ ವರ್ಷಾವರ್ಷ ಪಾರ್ಟಿಗಳಿಂದ ಬಾಕಿ ದೃಢೀಕರಣ ಪತ್ರ ತಗೊಂಡಿಟ್ರೆ ಸಾಕಲ್ವಾ?

ತಿಪ್ಪೇಸ್ವಾಮಿ: ಸಾಕು, ಬರೆಯೋ ಥರ ಬರೆದ್ರೆ. “ನಿಮ್ಮ ಖಾತೆಯಲ್ಲಿ ₹3,80,000 ಬಾಕಿ ಇದೆ, ವ್ಯತ್ಯಾಸವಿದ್ದರೆ 15 ದಿನದಲ್ಲಿ ತಿಳಿಸಿ” ಅಂತ ಕಳಿಸಿ, ಉತ್ತರ ಬರಲಿಲ್ಲ ಅಂದ್ರೆ ಆಡಿಟ್ ಫೈಲಿಗೆ ಏನೋ ಒಂದು ಸಿಕ್ತು ಅನ್ನಬಹುದು ಅಷ್ಟೇ. ಕಾಲಮಿತಿ ಕಾಯ್ದೆಯ 18ನೇ ಕಲಮಿಗೆ ಅದು ಏನೂ ಅಲ್ಲ.

ಮಂಜುಳಾ: ಸರಿಯಾಗಿ ಹೇಳಿದ್ರಿ. ಮೂರು ವರ್ಷ ಮುಗಿಯೋಕೆ ಮುಂಚೆ, ಸಾಲಗಾರ ಬರವಣಿಗೆಯಲ್ಲಿ ಒಪ್ಪಿ ಸಹಿ ಹಾಕಿರಬೇಕು. ಕಂಪನಿಯ ಬ್ಯಾಲೆನ್ಸ್ ಶೀಟಲ್ಲಿ ಸಾಲ ತೋರಿಸಿದ್ರೆ ಅದನ್ನೂ ಒಪ್ಪಿಗೆ ಅನ್ನಬಹುದು ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳೈತೆ, ಆದ್ರೆ ಟಿಪ್ಪಣಿಯಲ್ಲಿ ‘ವಿವಾದದಲ್ಲಿದೆ’ ಅಂತ ಬರೆದಿದ್ರೆ ಅದನ್ನೂ ಓದ್ತಾರೆ. ಪತ್ರದ ಕೆಳಗೆ ಈ ಸಾಲು ಹಾಕಿಸ್ರಿ: “ದಿನಾಂಕ 31-3-2024ಕ್ಕೆ ನಾವು ನಿಮಗೆ ₹3,80,000 ಕೊಡಬೇಕಾಗಿರುವುದನ್ನು ಒಪ್ಪುತ್ತೇವೆ.” ಅದರ ಕೆಳಗೆ ಮಾಲೀಕರ ಸಹಿ, ಸಹಿ ಹಾಕಿದ ದಿನಾಂಕ.

ರುದ್ರೇಶ್: ಪಾಲುದಾರಿಕೆ ಅಂಗಡಿ ಆದ್ರೆ?

ಮಂಜುಳಾ: ಪಾಲುದಾರರೇ ಸಹಿ ಹಾಕ್ಲಿ. ಗುಮಾಸ್ತನ ಕೈಲಿ ಹಾಕಿಸಿದ್ರೆ ‘ಅವನಿಗೆ ಅಧಿಕಾರ ಇರಲಿಲ್ಲ’ ಅಂತ ಮೊದಲನೇ ತಕರಾರು ಅದೇ ಬರುತ್ತೆ.