ಲೆಗೋ ಡ್ರಾಯರ್ ತಾನಾಗಿ ತೆರೆದುಕೊಳ್ಳುತ್ತಿದೆ, ಎರಡು ಸಲ ಚಾನೆಲ್ ಬದಲಿಸಿದರೂ ಹಾಗೇ ಇದೆ

ಕೆಂಪುಹೆಂಚು | ಶನಿವಾರ ರಾತ್ರಿ 10:40

ಎರಡು ತಿಂಗಳಿಂದ ಇದೇ ಗೋಳು. ಲೆಗೋಗೆ, ಅಂದರೆ ಜೋಡಿಸಿ ಆಡುವ ಪ್ಲಾಸ್ಟಿಕ್ ಇಟ್ಟಿಗೆಗಳಿಗೆ ಅಂತ ಮನೆಯಲ್ಲಿ ಒಂದು ಜಾಗ ಮಾಡಿಕೊಂಡೆ. ಆರು ಅಡಿ ಉದ್ದ, ಎರಡು ಅಡಿ ಅಗಲದ ಪ್ಲೈವುಡ್ ಹಲಗೆ. ಅದರ ಕೆಳಗೆ ಎಡಕ್ಕೊಂದು ಬಲಕ್ಕೊಂದು ಐದು ಖಾನೆಯ ಡ್ರಾಯರ್ ಯೂನಿಟ್. ಹತ್ತು ವರ್ಷದಿಂದ ಕೂಡಿಟ್ಟ ಇಟ್ಟಿಗೆಗಳನ್ನೆಲ್ಲ ಮೂರು ವಾರ ಕೂತು ವಿಂಗಡಿಸಿ ತುಂಬಿದೆ.

ಈಗ ಎಡಗಡೆಯ ಡ್ರಾಯರ್‌ಗಳು ಮುಚ್ಚಿದ ಮೇಲೂ ಮೆಲ್ಲಗೆ ಹೊರಗೆ ಬರುತ್ತವೆ. ಬಲಗಡೆ ಮೂರನೇ ಖಾನೆ ಉಜ್ಜಿಕೊಂಡು ಅರ್ಧಕ್ಕೆ ನಿಲ್ಲುತ್ತದೆ. ಮಗಳಿಗೆ ಒಂದೂವರೆ ವರ್ಷ. ರಾತ್ರಿ ಮುಚ್ಚಿಟ್ಟ ಖಾನೆ ಬೆಳಿಗ್ಗೆ ನಾಲ್ಕು ಬೆರಳು ತೆರೆದಿರುತ್ತದೆ, ಮೊನ್ನೆ ಅವಳು 1×1 ರೌಂಡ್ ಪ್ಲೇಟ್ ಅನ್ನುವ ಪುಟ್ಟ ದುಂಡು ತುಂಡೊಂದನ್ನು ಬಾಯಿಗೆ ಹಾಕಿಕೊಂಡಿದ್ದಳು, ಪುಣ್ಯಕ್ಕೆ ಹೆಂಡತಿ ನೋಡಿ ತೆಗೆದಳು, ಅವತ್ತಿಂದ ನನಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ.

ಖಾನೆ ಜಾರುವ ಲೋಹದ ಪಟ್ಟಿ, ಅದೇ ಚಾನೆಲ್, ಎರಡು ಸಲ ಬದಲಿಸಿದ್ದಾಯಿತು. ಅಂಗಡಿಯವರು ಚಾನೆಲ್ ಸರಿ ಇದೆ ಅನ್ನುತ್ತಾರೆ. ಬಡಗಿ ಯೂನಿಟ್ ಸರಿ ಇದೆ ಅನ್ನುತ್ತಾರೆ. ಹಾಗಾದರೆ ಎಲ್ಲಿ ತಪ್ಪಿದೆ? ಗೊತ್ತಿರುವವರು ದಯವಿಟ್ಟು ಹೇಳಿ.

ಪ್ಲೇಟುಪೆಟ್ಟಿಗೆ | ರಾತ್ರಿ 11:05

ಸರ್, ಇದು ತೂಕದ ಸಮಸ್ಯೆ. ಬಿಡಿ ಇಟ್ಟಿಗೆ ಕೈಯಲ್ಲಿ ಹಗುರ, ಖಾನೆ ತುಂಬಿದರೆ ಕಲ್ಲು. ನನಗೂ ಹೀಗೇ ಆಗಿತ್ತು. ಅರ್ಧ ಖಾಲಿ ಮಾಡಿ ನೋಡಿ.

ಕೆಂಪುಹೆಂಚು | ರಾತ್ರಿ 11:20

ತೂಗಿ ನೋಡಿದೆ. ತುಂಬಿದ ಖಾನೆ 9 ಕೆಜಿ. ಚಾನೆಲ್ 35 ಕೆಜಿ ತಾಳುವಂಥದ್ದು.

ಪ್ಲೇಟುಪೆಟ್ಟಿಗೆ | ರಾತ್ರಿ 11:31

ಡಬ್ಬದ ಮೇಲೆ ಬರೆದಿರುವುದನ್ನು ಹಾಗೇ ನಂಬಬೇಡಿ. ಸ್ಕ್ರೂ ಹಿಡಿದಿರುವ ಹಲಗೆ ಗಟ್ಟಿ ಇರಬೇಕಲ್ಲ. ಪಾರ್ಟಿಕಲ್ ಬೋರ್ಡ್ ಆಗಿದ್ದರೆ ಸ್ಕ್ರೂ ಸಡಿಲಾಗಿರುತ್ತದೆ. ನನ್ನ ಪ್ರಕಾರ ತೂಕವೇ. ಒಂದು ಖಾನೆಗೆ 5 ಕೆಜಿ ಮೇಲೆ ಹಾಕಬಾರದು. ಅಂದಹಾಗೆ ಹೇಗೆ ವಿಂಗಡಿಸಿದ್ದೀರಿ, ಬಣ್ಣದ ಪ್ರಕಾರವಾ?

ಕೆಂಪುಹೆಂಚು | ರಾತ್ರಿ 11:36

ಹೌದು, ಬಣ್ಣದ ಪ್ರಕಾರ. ಅದಕ್ಕೂ ಇದಕ್ಕೂ ಏನು ಸಂಬಂಧ?

ಮೂಲೆಗಲ್ಲು | ಭಾನುವಾರ ಬೆಳಿಗ್ಗೆ 7:15

ಸಂಬಂಧ ಇದೆ ಸರ್! ಬಣ್ಣದ ಪ್ರಕಾರ ಹಾಕಿದರೆ ಕಪ್ಪು, ಬೂದು ಖಾನೆಗಳು ತುಂಬಿ ತುಳುಕುತ್ತವೆ. ಹುಡುಕುವುದಂತೂ ಬೇಡವೇ ಬೇಡ. ಕಪ್ಪು ರಾಶಿಯಲ್ಲಿ ತುಂಡು ಜೋಡಿಸುವ ಒಂದು ಕಪ್ಪು ಪಿನ್ ಹುಡುಕಿ ನೋಡಿ, ಕಣ್ಣು ಸೋತುಹೋಗುತ್ತದೆ. ಅದೇ ಎಲ್ಲ ಬಣ್ಣದ ಪಿನ್ ಒಂದೇ ಖಾನೆಯಲ್ಲಿದ್ದರೆ ಕೆಂಪು ಪಿನ್ ತಾನಾಗಿ ಕಣ್ಣಿಗೆ ಬೀಳುತ್ತದೆ. ಆಕಾರದ ಪ್ರಕಾರ ವಿಂಗಡಿಸಿ. ಇಟ್ಟಿಗೆ ಬೇರೆ, ತೆಳು ಪ್ಲೇಟ್ ಬೇರೆ, ಮೇಲೆ ನುಣುಪಾದ ಟೈಲ್ ಬೇರೆ, ಇಳಿಜಾರಿನ ಸ್ಲೋಪ್ ಬೇರೆ, ಗಿಯರ್, ಪಿನ್ ಇರುವ ಟೆಕ್ನಿಕ್ ಬೇರೆ. ಮೊದಲು ಐದು ಗುಂಪು ಸಾಕು.

ಪ್ಲೇಟುಪೆಟ್ಟಿಗೆ | ಬೆಳಿಗ್ಗೆ 8:02

ಎಲ್ಲರಿಗೂ ಅದು ಹೊಂದುವುದಿಲ್ಲ ಗುರು. ನಾನು ಮೊಸಾಯಿಕ್, ಅಂದರೆ ಬಣ್ಣದ ಪುಟ್ಟ ತುಂಡು ಜೋಡಿಸಿ ಚಿತ್ರ ಮಾಡುತ್ತೇನೆ. ನನಗೆ ಬಣ್ಣವೇ ಮುಖ್ಯ. 1×1 ಪ್ಲೇಟುಗಳೆಲ್ಲ ಒಂದೇ ಖಾನೆಯಲ್ಲಿದ್ದರೆ ನಾನು ದಿನವಿಡೀ ಹೆಕ್ಕುತ್ತಾ ಕೂರಬೇಕು.

ಮೂಲೆಗಲ್ಲು | ಬೆಳಿಗ್ಗೆ 8:10

ಮೊಸಾಯಿಕ್ ಮಾಡುವವರು ನೂರರಲ್ಲಿ ಎಷ್ಟು ಜನ? ಸರ್ ಮನೆ ಕಟ್ಟುವವರು, ಹೆಸರಲ್ಲೇ ಹೆಂಚು ಇದೆ. ಅವರಿಗೆ ಹೇಳುತ್ತಿದ್ದೇನೆ.

ಕಡಲತಡಿ | ಬೆಳಿಗ್ಗೆ 9:30

ನಾನು ಉಡುಪಿ ಕಡೆಯವ. ನೀವು ಯಾವ ಊರು ಅಂತ ಹೇಳಲಿಲ್ಲ. ಇದು ಮರ ಉಬ್ಬಿದ್ದು, ಬೇರೇನೂ ಅಲ್ಲ. ಮಳೆಗಾಲದಲ್ಲಿ ನಮ್ಮ ಮನೆಯ ಬಾಗಿಲೇ ಮುಚ್ಚುವುದಿಲ್ಲ, ಇನ್ನು ಡ್ರಾಯರ್ ಯಾವ ಲೆಕ್ಕ? ಹಲಗೆಯ ಅಂಚಿಗೆ ಪಟ್ಟಿ ಅಂಟಿಸಿದ್ದೀರಾ? ಅಂಚು ತೆರೆದಿದ್ದರೆ ತೇವ ಅಲ್ಲಿಂದಲೇ ಒಳಗೆ ಹೋಗುತ್ತದೆ. ಬಲಗಡೆ ಉಜ್ಜುವುದು ಇದರಿಂದಲೇ.

ಕೆಂಪುಹೆಂಚು | ಬೆಳಿಗ್ಗೆ 9:44

ಮೈಸೂರು. ಇಲ್ಲಿ ಅಷ್ಟು ತೇವ ಇಲ್ಲ. ಅಂಚಿಗೆ ಪಟ್ಟಿ ಇದೆ.

ಕಡಲತಡಿ | ಬೆಳಿಗ್ಗೆ 9:52

ಪಟ್ಟಿ ಇದ್ದರೂ ಕೆಳಗಿನ ಅಂಚು ಬಿಟ್ಟಿರುತ್ತಾರೆ. ನೆಲ ಒರೆಸುವ ನೀರು ಅಲ್ಲಿಂದ ಏರುತ್ತದೆ. ಬಗ್ಗಿ ನೋಡಿ.

ಕೆಂಪುಹೆಂಚು | ಬೆಳಿಗ್ಗೆ 10:20

ಬಗ್ಗಿ ನೋಡಿದೆ. ಕೆಳಗೆ ಪ್ಲಾಸ್ಟಿಕ್ ಬುಷ್ ಇದೆ, ಮರ ನೆಲಕ್ಕೆ ತಾಗುವುದೇ ಇಲ್ಲ. ಎಲ್ಲೂ ಉಬ್ಬಿಲ್ಲ. ಸ್ಕೇಲ್ ಇಟ್ಟು ನೋಡಿದ್ದೇನೆ.

ನಾಲ್ಕುಸ್ಟಡ್ | ಬೆಳಿಗ್ಗೆ 11:15

ನಾನು ಬೆಂಗಳೂರಿನ ನಾಗಸಂದ್ರದ ಐಕಿಯಾ ಪೀಠೋಪಕರಣ ಅಂಗಡಿಯಿಂದ ಅಲೆಕ್ಸ್ ಡ್ರಾಯರ್ ಎರಡು ತಂದೆ. ಖಾನೆ ಆಳ ಕಡಿಮೆ, ಅದೇ ಅದರ ಗುಣ. ಒಂದು ಪದರ ಇಟ್ಟಿಗೆ ಹರಡಿದರೆ ಎಲ್ಲ ಕಣ್ಣಿಗೆ ಕಾಣುತ್ತದೆ. ಸಣ್ಣ ಭಾಗಗಳಿಗೆ ಎಸ್.ಪಿ. ರಸ್ತೆಯಲ್ಲಿ ಸಿಗುವ ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಪಾರದರ್ಶಕ ಪೆಟ್ಟಿಗೆ. ಅರವತ್ತು ಪುಟ್ಟ ಖಾನೆ. ಪ್ರತಿಯೊಂದಕ್ಕೂ ಆ ಭಾಗವನ್ನೇ ಮುಂದೆ ಅಂಟಿಸಿದ್ದೇನೆ, ಚೀಟಿ ಬೇಕಾಗಿಲ್ಲ. ಗೋಡೆ ತುಂಬ ಈಗ ಅದೇ. ನೋಡುತ್ತಾ ಕೂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ.

ಮೂಲೆಗಲ್ಲು | ಬೆಳಿಗ್ಗೆ 11:21

ಇದು ನೋಡಿ ವಿಂಗಡಣೆ ಅಂದರೆ! ಅಂಟಿಸಿದ್ದು ಅಂದಿರಿ, ಗೋಂದು ಹಾಕಲಿಲ್ಲ ತಾನೇ?

ನಾಲ್ಕುಸ್ಟಡ್ | ಬೆಳಿಗ್ಗೆ 11:24

ಛೇ, ಇಲ್ಲ. ಡಬಲ್ ಟೇಪ್.

ರೈಲುಹಳಿ | ಮಧ್ಯಾಹ್ನ 1:40

ಕೆಂಪುಹೆಂಚು ಸರ್, ಎರಡು ಅಡಿ ಅಗಲ ಅಂದಿರಿ. ಮುಂದೆ ರೈಲು ಓಡಿಸುವ ಆಸೆ ಇದ್ದರೆ ಈಗಲೇ ಹಲಗೆ ಬದಲಿಸಿ. ಬಾಗಿದ ಹಳಿ 16 ಸೇರಿದರೆ ಒಂದು ಸುತ್ತು. ಹಳಿಯ ಹೊರ ಅಂಚಿನಿಂದ ಅಂಚಿಗೆ 88 ಸ್ಟಡ್ (ಇಟ್ಟಿಗೆಯ ಮೇಲಿನ ಗುಬುಟು). ಒಂದು ಸ್ಟಡ್‌ಗೆ 8 ಮಿಲಿಮೀಟರ್, ಅಂದರೆ 70.4 ಸೆಂಟಿಮೀಟರ್. ಎರಡು ಅಡಿ ಎಂದರೆ 61 ಅಷ್ಟೇ. ನಾನು ಇದನ್ನು ಅಳೆಯದೆ ಟೇಬಲ್ ಮಾಡಿಸಿ ಒಂದು ವರ್ಷ ರೈಲನ್ನು ಬರೀ ಹಿಂದೆ ಮುಂದೆ ಓಡಿಸಿದೆ.

ಕೆಂಪುಹೆಂಚು | ಮಧ್ಯಾಹ್ನ 2:05

ರೈಲು ಇದೆ ಮೇಡಂ. ನೇರ ಹಳಿ ಮಾತ್ರ ಹಾಕಿದ್ದೇನೆ. ಆದರೆ ಬೋಗಿ ಒಂದು ಕಡೆ ನಿಲ್ಲುವುದಿಲ್ಲ, ಬಲಗಡೆಗೆ ಹೋಗಿ ಅಂಚಿನಲ್ಲಿ ನಿಲ್ಲುತ್ತದೆ. ಅದಕ್ಕೆ ಒಂದು ಇಟ್ಟಿಗೆ ಅಡ್ಡ ಇಟ್ಟಿದ್ದೇನೆ. ಅದು ಇರಲಿ, ಈಗ ನನ್ನ ಚಿಂತೆ ಡ್ರಾಯರ್.

ರೈಲುಹಳಿ | ಮಧ್ಯಾಹ್ನ 2:07

ಸ್ವಲ್ಪ ತಡೆಯಿರಿ. ಬೋಗಿ ತಾನಾಗಿ ಓಡುತ್ತದೆಯಾ? ಲೋಹದ ಅಚ್ಚಿನ ಚಕ್ರ ತುಂಬ ಸಲೀಸು. ಸ್ವಲ್ಪ ಇಳಿಜಾರು ಇದ್ದರೂ ಓಡುತ್ತದೆ. ನಿಮ್ಮ ಟೇಬಲ್ ಮಟ್ಟ ಇಲ್ಲ ಸರ್!

ಉಳಿಸುತ್ತಿಗೆ | ಮಧ್ಯಾಹ್ನ 3:30

ರೈಲುಹಳಿ ಮೇಡಂ ಸರಿಯಾಗಿ ಹಿಡಿದರು. ನಾನು ಇಪ್ಪತ್ತು ವರ್ಷ ಮರಗೆಲಸ ಮಾಡಿದವನು, ಮಗನಿಂದ ಈ ಹುಚ್ಚು ಹತ್ತಿತು. ಇಷ್ಟು ಹೊತ್ತು ಎಲ್ಲರೂ ಚಾನೆಲ್ ಹಿಂದೆ ಬಿದ್ದಿದ್ದೀರಿ. ಕೆಂಪುಹೆಂಚು ಅವರೇ, ಒಂದು ಮಾತು ಕೇಳುತ್ತೇನೆ. ಈ ಟೇಬಲ್ ಮನೆಯ ಯಾವ ಭಾಗದಲ್ಲಿದೆ? ಕೋಣೆಯಾ?

ಕೆಂಪುಹೆಂಚು | ಮಧ್ಯಾಹ್ನ 3:41

ಬಾಲ್ಕನಿ. ಕಿಟಕಿ ಹಾಕಿಸಿ ಮುಚ್ಚಿಸಿದ್ದೇವೆ. ಒಂಬತ್ತು ಅಡಿ, ಐದು ಅಡಿ. ಟೇಬಲ್ ಮನೆಯ ಗೋಡೆಗೆ ಒರಗಿದೆ, ಡ್ರಾಯರ್ ಕಿಟಕಿ ಕಡೆಗೆ ತೆರೆಯುತ್ತದೆ. ಇದನ್ನು ಮೊದಲೇ ಹೇಳಬೇಕಿತ್ತಾ?

ಉಳಿಸುತ್ತಿಗೆ | ಮಧ್ಯಾಹ್ನ 3:55

ಅದೇ ಎಲ್ಲಕ್ಕೂ ಉತ್ತರ. ಬಾಲ್ಕನಿಯ ನೆಲವನ್ನು ಸಮ ಮಾಡುವುದೇ ಇಲ್ಲ. ಮಳೆನೀರು ಹೋಗಲಿ ಅಂತ ಗಾರೆಯವರು ಬೇಕೆಂದೇ ವಾಟ ಕೊಡುತ್ತಾರೆ. ಹತ್ತು ಅಡಿಗೆ ಒಂದು ಇಂಚು ಇಳಿಜಾರು ಇದ್ದರೂ ಕಣ್ಣಿಗೆ ಕಾಣುವುದಿಲ್ಲ, ಮೇಲೆ ನಡೆದರೂ ಗೊತ್ತಾಗುವುದಿಲ್ಲ. ಆದರೆ 9 ಕೆಜಿ ತುಂಬಿದ ಖಾನೆಗೆ ಗೊತ್ತಾಗುತ್ತದೆ. ಬಾಲ್ ಬೇರಿಂಗ್ ಚಾನೆಲ್ ಹೊಸದಾದಷ್ಟೂ ಜಾರುವುದು ಸುಲಭ. ನೀವು ಹೊಸದು ಹಾಕಿದಷ್ಟೂ ಅದು ಚೆನ್ನಾಗಿ ಹೊರಗೆ ಬಂತು.

ನೀರು ಹೋಗುವ ತೂತು ಎಲ್ಲಿದೆ? ಕಿಟಕಿ ಕಡೆ, ಬಲ ಮೂಲೆಯಲ್ಲಾ?

ಕೆಂಪುಹೆಂಚು | ಸಂಜೆ 4:10

ಹೌದು. ಈಗ ಮ್ಯಾಟ್ ಕೆಳಗೆ ಮುಚ್ಚಿಹೋಗಿದೆ. ನಿಮಗೆ ಹೇಗೆ ಗೊತ್ತಾಯಿತು?

ಉಳಿಸುತ್ತಿಗೆ | ಸಂಜೆ 4:18

ಬೋಗಿ ಬಲಕ್ಕೆ ಹೋಗುತ್ತದೆ, ಖಾನೆ ಮುಂದಕ್ಕೆ ಬರುತ್ತದೆ. ಎರಡೂ ಸೇರುವುದು ಆ ಮೂಲೆಯಲ್ಲೇ. ಬಲಗಡೆ ಯೂನಿಟ್ ತೂತಿಗೆ ಹತ್ತಿರ, ಅಲ್ಲಿ ನೆಲ ಇನ್ನೂ ತಗ್ಗು. ಒಂದು ಕಾಲು ಸರಿಯಾಗಿ ಊರಿರುವುದಿಲ್ಲ. ಮೇಲೆ ಹಲಗೆ ಭಾರ. ಪೆಟ್ಟಿಗೆ ತಿರುಚಿಕೊಂಡು ಮೂರನೇ ಖಾನೆ ಉಜ್ಜುತ್ತಿದೆ. ರಸಮಟ್ಟ ಇಟ್ಟು ಅಳೆದು ಹೇಳಿ. ಫೋನಿನಲ್ಲಿರುವ ಮಟ್ಟ ನೋಡುವ ಆ್ಯಪ್ ಬೇಡ, ಫೋನಿನ ಕ್ಯಾಮೆರಾ ಉಬ್ಬಿರುತ್ತದೆ.

ಪ್ಲೇಟುಪೆಟ್ಟಿಗೆ | ಸಂಜೆ 5:00

ನೆಲ ವಾಲಿದ್ದರೂ ತೂಕ ಕಡಿಮೆ ಇದ್ದರೆ ಜಾರುತ್ತಿರಲಿಲ್ಲ. ನಾನು ಹೇಳಿದ್ದು ಪೂರ್ತಿ ತಪ್ಪಲ್ಲ.

ಕೆಂಪುಹೆಂಚು | ರಾತ್ರಿ 8:45

ಪಕ್ಕದ ಮನೆಯಿಂದ ರಸಮಟ್ಟ ತಂದೆ. ಹಿಂದಿನಿಂದ ಮುಂದಕ್ಕೆ 8 ಮಿಲಿಮೀಟರ್ ತಗ್ಗು. ಎಡದಿಂದ ಬಲಕ್ಕೆ 14. ಒಟ್ಟು ಎಡ ಹಿಂದಿನ ಮೂಲೆಗಿಂತ ಬಲ ಮುಂದಿನ ಮೂಲೆ 22 ಕೆಳಗಿದೆ. ಎರಡು ತಿಂಗಳು ಈ ಟೇಬಲ್ ಮುಂದೆ ಕೂತಿದ್ದೇನೆ, ಕಂಡೇ ಇರಲಿಲ್ಲ. ಈಗ ಕಾಲಿನ ಕೆಳಗೆ ಏನಿಡಲಿ?

ನಾಲ್ಕುಸ್ಟಡ್ | ರಾತ್ರಿ 8:52

22 ಮಿಲಿಮೀಟರಾ? ಎರಡು ಇಟ್ಟಿಗೆ, ಒಂದು ಪ್ಲೇಟ್! ಇಟ್ಟಿಗೆಯ ಎತ್ತರ 9.6, ಪ್ಲೇಟ್ 3.2. ಒಟ್ಟು 22.4. ಇದಕ್ಕಿಂತ ಕರಾರುವಾಕ್ಕಾದ ಪ್ಯಾಕಿಂಗ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಮೂಲೆಗಲ್ಲು | ರಾತ್ರಿ 8:58

ದಯವಿಟ್ಟು ಬೇಡ. ಟೇಬಲ್ ಕಾಲಿನ ಕೆಳಗೆ ಇಟ್ಟಿಗೆ ಇಡುವುದಾ? ಸ್ಟಡ್ ಹಾಳಾಗುತ್ತದೆ. ಬೇರೆ ಏನೂ ಇಲ್ಲವಾ ಮನೆಯಲ್ಲಿ?

ನಾಲ್ಕುಸ್ಟಡ್ | ರಾತ್ರಿ 9:06

ಹಾಳಾಗುವುದಿಲ್ಲ. 2012ರಲ್ಲಿ ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯಲ್ಲಿ 2×2 ಇಟ್ಟಿಗೆಯನ್ನು ಯಂತ್ರದಲ್ಲಿ ಒತ್ತಿ ನೋಡಿದ್ದಾರೆ. ಸರಾಸರಿ 4,240 ನ್ಯೂಟನ್ ತಾಳಿತು. ಅಂದರೆ 432 ಕೆಜಿ. ಒಂದೇ ಇಟ್ಟಿಗೆ!

ಮೂಲೆಗಲ್ಲು | ರಾತ್ರಿ 9:09

ಒಡೆಯುವುದಿಲ್ಲ ಸರಿ. ಗೀರು ಬೀಳುತ್ತದಲ್ಲ. ಅದು ನೆಲಕ್ಕೆ ಇಡುವ ವಸ್ತುವಲ್ಲ.

ಉಳಿಸುತ್ತಿಗೆ | ರಾತ್ರಿ 9:30

ಜಗಳ ಬಿಡಿ. ಶಕ್ತಿ ಇದೆ ನಿಜ, ಆದರೆ ಟೈಲ್ಸ್ ಮೇಲೆ ಪ್ಲಾಸ್ಟಿಕ್ ಇಟ್ಟಿಗೆ ಜಾರುತ್ತದೆ. ಒಂದು ಸಲ ಕಾಲು ಪಕ್ಕಕ್ಕೆ ಸರಿದರೆ ಯೂನಿಟ್ ವಾಲುತ್ತದೆ, ಮನೆಯಲ್ಲಿ ಮಗು ಇದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ತಿರುಗಿಸಿ ಎತ್ತರ ಮಾಡುವ ಕಾಲು ಸಿಗುತ್ತದೆ, ಎಂಟು ತನ್ನಿ. ಎಲ್ಲಕ್ಕಿಂತ ಎತ್ತರದ ಮೂಲೆ, ಅಂದರೆ ಎಡ ಹಿಂದಿನದ್ದು, ಅದನ್ನು ಪೂರ್ತಿ ಇಳಿಸಿಡಿ. ಉಳಿದದ್ದನ್ನು ಅದರ ಮಟ್ಟಕ್ಕೆ ಎತ್ತುತ್ತಾ ಬನ್ನಿ. ಮೊದಲು ಖಾನೆ ಖಾಲಿ ಮಾಡಿ, ಹಲಗೆ ಇಳಿಸಿ. ತುಂಬಿದ್ದಾಗ ಎತ್ತಿದರೆ ಚೌಕಟ್ಟು ಇನ್ನೂ ತಿರುಚುತ್ತದೆ. ಕೊನೆಗೆ ಎರಡೂ ಯೂನಿಟ್‌ಗಳನ್ನು ಎಲ್ ಕ್ಲ್ಯಾಂಪ್ ಹಾಕಿ ಗೋಡೆಗೆ ಬಿಗಿಯಿರಿ. ಇದನ್ನು ಮಾತ್ರ ಬಿಡಬೇಡಿ. ಮಗು ಎರಡು ಖಾನೆ ಒಟ್ಟಿಗೆ ಎಳೆದರೆ ಇಡೀ ಯೂನಿಟ್ ಮುಂದಕ್ಕೆ ಬೀಳುತ್ತದೆ.

ರೈಲುಹಳಿ | ರಾತ್ರಿ 9:41

ಖಾನೆಗೆ ಮಕ್ಕಳ ಲಾಕ್ ಕೂಡ ಹಾಕಿ. ಮಟ್ಟ ಸರಿಯಾದರೂ ಅವಳು ಎಳೆದು ತೆರೆಯುತ್ತಾಳೆ. ಸಣ್ಣ ಭಾಗಗಳು ಮೇಲಿನ ಖಾನೆಗಿರಲಿ, ಕೆಳಗಿನದ್ದರಲ್ಲಿ ಬೇಸ್‌ಪ್ಲೇಟ್, ದೊಡ್ಡ ತುಂಡು.

ಇನ್ನೊಂದು. ಕಿಟಕಿ ಯಾವ ದಿಕ್ಕಿಗಿದೆ? ಸಂಜೆ ಬಿಸಿಲು ನೇರ ಟೇಬಲ್ ಮೇಲೆ ಬೀಳುತ್ತದೆಯಾ?

ಕೆಂಪುಹೆಂಚು | ರಾತ್ರಿ 9:50

ಪಶ್ಚಿಮ. ಮೂರರಿಂದ ಆರರವರೆಗೆ ಬಿಸಿಲು. ಬೆಳಕು ಚೆನ್ನಾಗಿದೆ ಅಂತಲೇ ಅಲ್ಲಿ ಹಾಕಿದ್ದು.

ರೈಲುಹಳಿ | ರಾತ್ರಿ 9:58

ಹಾಗಾದರೆ ಈ ವಾರವೇ ದಪ್ಪ ಪರದೆ ಹಾಕಿ. 1963ರಿಂದ ಇಟ್ಟಿಗೆ ಮಾಡುವುದು ಎಬಿಎಸ್ ಪ್ಲಾಸ್ಟಿಕ್‌ನಲ್ಲಿ. ಗಟ್ಟಿ ನಿಜ, ಆದರೆ ಬಿಸಿಲಿನ ನೇರಳಾತೀತ ಕಿರಣಕ್ಕೆ ಹಳದಿಯಾಗುತ್ತದೆ. ಬಿಳಿ, ತಿಳಿಬೂದು, ನೀಲಿಯಲ್ಲಿ ಬೇಗ ಕಾಣುತ್ತದೆ. ನನ್ನ ಒಂದು ಬಿಳಿ ನಿಲ್ದಾಣದ ಒಂದೇ ಬದಿ ಹಳದಿಯಾಯಿತು, ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ. ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ನೆನೆಸಿದರೆ ಬಿಳುಪು ಬರುತ್ತದೆ, ಆದರೆ ಕಾಲ ಕಳೆದಂತೆ ಮತ್ತೆ ಹಳದಿ ತಿರುಗುತ್ತದೆ. ತೊಳೆಯುವುದಾದರೆ ನೀರು 40 ಡಿಗ್ರಿಗಿಂತ ಬಿಸಿ ಬೇಡ.

ಕೆಂಪುಹೆಂಚು | ಬುಧವಾರ ರಾತ್ರಿ 10:15

ಎಲ್ಲರಿಗೂ ತಿಳಿಸಬೇಕು ಅಂತ ಬಂದೆ. ಕಾಲು ಹಾಕಿದೆ, ಮಟ್ಟ ಮಾಡಿದೆ. ಎಡಗಡೆಯದ್ದು ಪೂರ್ತಿ ಸರಿ. ಎರಡು ರಾತ್ರಿ ಮುಚ್ಚಿಟ್ಟು ಬೆಳಿಗ್ಗೆ ಎದ್ದ ತಕ್ಷಣ ಹೋಗಿ ನೋಡಿದೆ, ಒಂದು ಎಳೆಯಷ್ಟೂ ಅಲುಗಿಲ್ಲ. ಗೋಡೆಗೆ ಕ್ಲ್ಯಾಂಪ್ ಆಯಿತು, ಲಾಕ್ ಆಯಿತು. ಬಲಗಡೆ ಮೂರನೇ ಖಾನೆ ಮಾತ್ರ ಕೊನೆಯ ಒಂದು ಇಂಚಿನಲ್ಲಿ ಇನ್ನೂ ಉಜ್ಜುತ್ತದೆ.

ಉಳಿಸುತ್ತಿಗೆ | ರಾತ್ರಿ 10:32

ಎರಡು ತಿಂಗಳು ತಿರುಚಿ ನಿಂತದ್ದು, ತಾನಾಗಿ ಬಿಡುವುದಿಲ್ಲ. ಹಿಂದೆ ಹೋಗಿ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಅಳೆಯಿರಿ. ಎರಡೂ ಅಳತೆ ಒಂದೇ ಬರಬೇಕು.

ಕೆಂಪುಹೆಂಚು | ರಾತ್ರಿ 10:50

6 ಮಿಲಿಮೀಟರ್ ವ್ಯತ್ಯಾಸ ಇದೆ.

ಉಳಿಸುತ್ತಿಗೆ | ರಾತ್ರಿ 10:54

ಹಿಂದಿನ ತೆಳು ಹಲಗೆಯ ಸ್ಕ್ರೂಗಳನ್ನೆಲ್ಲ ಸಡಿಲಿಸಿ. ಉದ್ದ ಬಂದ ಮೂಲೆಯನ್ನು ಕೈಯಲ್ಲೇ ಒತ್ತಿ ಅಳತೆ ಸಮ ಮಾಡಿ. ಒಬ್ಬರು ಹಿಡಿದುಕೊಳ್ಳಲಿ, ಇನ್ನೊಬ್ಬರು ಬಿಗಿಯಲಿ. ಚೌಕಟ್ಟನ್ನು ಮೂಲೆಮಟ್ಟದಲ್ಲಿ ಹಿಡಿಯುವುದು ಆ ತೆಳು ಹಲಗೆಯೇ.

ಕೆಂಪುಹೆಂಚು | ಗುರುವಾರ ರಾತ್ರಿ 9:20

ಆಯಿತು! ಹೆಂಡತಿ ಹಿಡಿದುಕೊಂಡಳು, ನಾನು ಬಿಗಿದೆ. ಮೂರನೇ ಖಾನೆ ಬೆರಳಲ್ಲಿ ತಳ್ಳಿದರೆ ಸಲೀಸಾಗಿ ಹೋಗಿ ಕೂರುತ್ತದೆ. ಬೋಗಿಗೆ ಅಡ್ಡ ಇಟ್ಟಿದ್ದ ಇಟ್ಟಿಗೆ ತೆಗೆದೆ, ನಿಂತಲ್ಲೇ ನಿಂತಿದೆ. ಉಳಿಸುತ್ತಿಗೆ ಅಣ್ಣ, ರೈಲುಹಳಿ ಮೇಡಂ, ನಿಮ್ಮನ್ನು ಮರೆಯುವುದಿಲ್ಲ. ಪರದೆ ಭಾನುವಾರ.

ಮೂಲೆಗಲ್ಲು | ರಾತ್ರಿ 9:35

ಖುಷಿಯಾಯಿತು ಸರ್. ಹೇಗೂ ಖಾನೆ ಖಾಲಿ ಮಾಡಿದ್ದಿರಲ್ಲ, ಮತ್ತೆ ತುಂಬುವಾಗ ಆಕಾರದ ಪ್ರಕಾರ ತುಂಬಿದಿರಾ?

ಪ್ಲೇಟುಪೆಟ್ಟಿಗೆ | ರಾತ್ರಿ 9:38

ಮತ್ತೆ ಶುರು ಮಾಡಬೇಡ ಗುರು.

ಕಡಲತಡಿ | ಶುಕ್ರವಾರ ಬೆಳಿಗ್ಗೆ 6:50

ಇದನ್ನೆಲ್ಲ ಓದಿ ನಾನೂ ರಸಮಟ್ಟ ತಂದು ನಮ್ಮ ಮನೆಯಲ್ಲಿ ಇಟ್ಟು ನೋಡಿದೆ. ನೆಲ ಸಮ ಇದೆ, ಯೂನಿಟ್ ಸಮ ಇದೆ, ಮೂಲೆಯಿಂದ ಮೂಲೆಯ ಅಳತೆಯೂ ಸಮ. ಆದರೂ ನನ್ನ ಎರಡು ಖಾನೆ ಮುಚ್ಚುವುದಿಲ್ಲ. ನನ್ನದು ಮಾತ್ರ ಉಬ್ಬಿದ್ದೇ. ಉಬ್ಬಿದ ಅಂಚನ್ನು ಈಗ ಕೀಸುಳಿ ಹಾಕಿ ಹೆರೆಯಲಾ, ಮಳೆಗಾಲ ಮುಗಿದು ಒಣಗುವವರೆಗೆ ಕಾಯಲಾ? ಈಗ ಹೆರೆದರೆ ಬೇಸಿಗೆಯಲ್ಲಿ ಸಂದು ಬೀಳುತ್ತದಾ?