ತಂಗಡಿ ಬೀಜ ಮೊಳೆಯುತ್ತಿಲ್ಲ, ಏನು ಮಾಡಬೇಕು?

ಪ್ರಶ್ನೆ: ಚಿತ್ರದುರ್ಗದ ಕಡೆಯ ಒಣಭೂಮಿಯಲ್ಲಿ ಬೇಲಿಗೆಂದು ತಂಗಡಿ, ಬಂದರಿಕೆ ಮತ್ತು ಕವಳಿ ಗಿಡಗಳನ್ನು ಬೀಜದಿಂದಲೇ ಬೆಳೆಸುತ್ತಿದ್ದೇನೆ. ತಂಗಡಿಯ ಬೀಜಗಳು ಒದ್ದೆ ಮಣ್ಣಿನಲ್ಲಿದ್ದರೂ ಹಾಗೆಯೇ ಗಟ್ಟಿಯಾಗಿ ಉಳಿದಿವೆ. ಬೀಜವೇ ಕೆಟ್ಟಿದೆಯೇ?

ಉತ್ತರ 1: ಬೀಜ ಕೆಟ್ಟಿರಲಾರದು ಸರ್. ತಂಗಡಿಯ ಬೀಜದ ಹೊರಸಿಪ್ಪೆ ನೀರನ್ನು ಒಳಗೆ ಬಿಡುವುದಿಲ್ಲ. ಬರದ ನಾಡಿನಲ್ಲಿ ಒಂದೇ ಮಳೆಗೆ ಎಲ್ಲ ಬೀಜಗಳೂ ಮೊಳೆತು, ಮುಂದೆ ಮಳೆ ಕೈಕೊಟ್ಟಾಗ ಒಟ್ಟಿಗೆ ಸಾಯದಂತೆ ಅದು ಕಾಪಾಡುತ್ತದೆ. ಕುದಿಸಿ ಒಲೆಯಿಂದ ಇಳಿಸಿದ ನೀರನ್ನು ಬೀಜದ ಮೇಲೆ ಸುರಿದು, ಅದು ಆರಿದ ಮೇಲೂ ರಾತ್ರಿಯಿಡೀ ನೆನೆಯಲು ಬಿಡಿ. ಬೆಳಿಗ್ಗೆ ಉಬ್ಬಿದವನ್ನು ಮಾತ್ರ ಬಿತ್ತಿ, ಉಬ್ಬದವನ್ನು ಸ್ಯಾಂಡ್ ಪೇಪರಿನಲ್ಲಿ ಮೆಲ್ಲಗೆ ಉಜ್ಜಿ ಮತ್ತೆ ನೆನೆಸಿ. ಒಲೆಯ ಮೇಲೆಯೇ ಬೀಜವನ್ನು ಕುದಿಸಿದರೆ ಒಳಗಿನ ಮೊಳಕೆ ಬೆಂದುಹೋಗುತ್ತದೆ.

ಉತ್ತರ 2: ಬಂದರಿಕೆಗೂ ಬಿಸಿನೀರಿನ ಉಪಚಾರ ಹೊಂದುತ್ತದೆ, ರೆಕ್ಕೆಯಂಥ ಕಾಯಿಗಳನ್ನು ಉಜ್ಜಿ, ಕಪ್ಪು ಬೀಜಗಳನ್ನು ಮೊದಲು ಬೇರ್ಪಡಿಸಿಕೊಳ್ಳಿ. ಕವಳಿಯ ರೀತಿ ಬೇರೆ. ಅದರ ಬೀಜ ಬೇಗನೆ ಜೀವ ಕಳೆದುಕೊಳ್ಳುವುದರಿಂದ, ಹಣ್ಣು ಮಾಗಿದಾಗ ತಿರುಳನ್ನು ತೊಳೆದು ತೆಗೆದು, ನೆರಳಿನಲ್ಲಿ ಆರಿಸಿ ತಡಮಾಡದೆ ಬಿತ್ತಬೇಕು. ಅಂಗಡಿಯ ಹಳೆಯ ಬೀಜವನ್ನು ನಾನಂತೂ ನಂಬುವುದಿಲ್ಲ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ತಂಗಡಿಯನ್ನು ಪಾತಿಯಲ್ಲಿ ಬಿತ್ತಿ ನಂತರ ಕಿತ್ತು ನೆಡಬಹುದೇ?

ಉತ್ತರ 1: ನೇರವಾಗಿ ಉದ್ದನೆಯ ಚೀಲದಲ್ಲಿ ಬಿತ್ತುವುದೇ ಲೇಸು. ತಾಯಿಬೇರು ಬೇಗ ಆಳಕ್ಕಿಳಿಯುವುದರಿಂದ ಕೀಳುವಾಗ ತುಂಡಾಗುತ್ತದೆ. ಚೀಲದ ತಳದಲ್ಲಿ ಬೇರು ಸುತ್ತಿಕೊಳ್ಳುವ ಮೊದಲು, ಮುಂಗಾರು ಹಿಡಿದ ಕೂಡಲೇ ಹೊಲಕ್ಕೆ ಸಾಗಿಸಿ.