ಹಳೆಯ ಫ್ರೆಂಚ್ ಕಾರಿನ ಚಾಸಿ ನಂಬರ್ ಓದುವುದು ಹೇಗೆ?

ಪ್ರಶ್ನೆ: 1987ರ ರೆನೋ 5 ಜಿಟಿ ಟರ್ಬೊ. ನಂಬರ್ ಶುರುವಾಗುವುದು ವಿಎಫ್1ಸಿ405 ಎಂದು. ಆನ್‌ಲೈನ್ ಡಿಕೋಡರ್ 'ತಪ್ಪು ನಂಬರ್' ಅನ್ನುತ್ತಿದೆ. ವರ್ಷ ಇರಬೇಕಾದ ಹತ್ತನೇ ಸ್ಥಾನದಲ್ಲಿ ಸೊನ್ನೆ. ನಕಲಿಯೇ?

ಉತ್ತರ 1: ಅಷ್ಟಕ್ಕೇ ನಕಲಿ ಅನ್ನಬೇಡಿ. ಒಂಬತ್ತನೆಯದು ತಾಳೆ ಅಂಕಿ (ನಂಬರ್ ಸರಿಯೇ ಎಂದು ಪರೀಕ್ಷಿಸುವ ಅಂಕಿ), ಹತ್ತನೆಯದು ವರ್ಷ ಎಂಬುದು ಅಮೆರಿಕದ ನಿಯಮ; ಯುರೋಪಿನಲ್ಲಿ ಕಡ್ಡಾಯವಲ್ಲ. ವಿಎಫ್1 ಅಂದರೆ ರೆನೋ, ಸಿ405 ಅಂದರೆ ಜಿಟಿ ಟರ್ಬೊ. ಕೊನೆಯ ಅಂಕಿಗಳು ಬರೀ ಸರಣಿ ಸಂಖ್ಯೆ. ವರ್ಷಕ್ಕೆ ನೋಂದಣಿ ಪತ್ರವನ್ನೇ ನೋಡಿ.

ಉತ್ತರ 2: ಚಾಸಿ ನಂಬರಿನ ಪ್ಲೇಟ್ ಒಂದನ್ನೇ ನಂಬಬೇಡಿ, ರಿವೆಟ್ ಕಿತ್ತು ಬೇರೆಯದು ಹೊಡೆಯಬಹುದು. ಬಾಡಿಯ ಮೇಲೆ ಕೊರೆದ ನಂಬರ್ ಜತೆ ತಾಳೆ ಹಾಕಿ. ತುಕ್ಕಿದ್ದರೆ ವೈರ್ ಬ್ರಶ್ ಮೆತ್ತಗೆ. ಗ್ರೈಂಡರ್ ಹಿಡಿದರೆ ಅಕ್ಷರವೇ ಹೋಗುತ್ತದೆ! ಐ, ಓ, ಕ್ಯೂ ಅಕ್ಷರಗಳು 17 ಸ್ಥಾನದ ನಂಬರಿನಲ್ಲಿ ಬರುವುದಿಲ್ಲ, ಓ ಥರ ಕಂಡದ್ದು ಸೊನ್ನೆಯೇ.

ಉತ್ತರ 3: ಪ್ಯೂಜೋಗೆ ವಿಎಫ್3, ಸಿಟ್ರೊಯೆನ್‌ಗೆ ವಿಎಫ್7. ಈ ಎರಡಕ್ಕೂ ಬಿಡಿಭಾಗ ತರಿಸುವಾಗ ಕೆಲವೊಮ್ಮೆ ಚಾಸಿ ನಂಬರ್ ಸಾಲದು, ಆರ್ಗಾ ಸಂಖ್ಯೆಯೂ (ಕಾರು ತಯಾರಾದ ದಿನ ಸೂಚಿಸುವ ಸಂಕೇತ) ಬೇಕು. ಒಂದೇ ಮಾದರಿಯಲ್ಲಿ ಭಾಗ ಯಾವಾಗ ಬದಲಾಯಿತು ಎಂದು ತಿಳಿಯುವುದು ಅದರಿಂದಲೇ. ಇನ್ನೂ ಹಳೆಯ ರೆನೋಗಳಲ್ಲಿ 17 ಸ್ಥಾನದ ನಂಬರನ್ನೇ ಹುಡುಕಬೇಡಿ. ಪ್ಲೇಟಿನಲ್ಲಿ ಮಾದರಿ ಸಂಕೇತ ನೋಡಿ: ಆರ್1128 ಇದ್ದರೆ ಅದು ರೆನೋ 4 ಜಿಟಿಎಲ್.